ರಿಜೆಕ್ಟಾದ ವಾಯಿದೆಗಳು

ಕೈಗವಸಿನಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಹೆಬ್ಬೆರಳು. ಉಳಿದ ನಾಲ್ಕು ಬೆರಳು ನೆಟ್ಟಗಿರುತ್ತವೆ, ಸೂಜಿ ತಾನೇ ಓಡುತ್ತದೆ. ಹೆಬ್ಬೆರಳು ಮುನಿಸಿಕೊಂಡವರ ಹಾಗೆ ಪಕ್ಕಕ್ಕೆ ತಿರುಗಿ ಕೂತಿರುತ್ತದೆ. ಅದರ ಬುಡದಲ್ಲಿ ಮೂರು ಪದರ ತೊಗಲು ಒಂದರ ಮೇಲೊಂದು ಬರುತ್ತದೆ. ಅಲ್ಲಿ ಪೆಡಲಿನಿಂದ ಕಾಲು ತೆಗೆದು, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ, ಒಂದೊಂದೇ ಹೊಲಿಗೆ ಹಾಕಬೇಕು. ಅವಳು ಹತ್ತೊಂಬತ್ತು ವರ್ಷ ಅದನ್ನೇ ಮಾಡಿದಳು. ಬೆಸುಗೆ ಹಾಕುವವರು ತೊಡುವ ದಪ್ಪ ಕೈಗವಸುಗಳಿಗೆ ಹೆಬ್ಬೆರಳು ಹೊಲಿದಳು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹೆಬ್ಬೆರಳಕ್ಕ ಅನ್ನುತ್ತಿದ್ದರು. ಪಕ್ಕದ ಮಿಷನ್ನಿನವಳು ಕಿರುಬೆರಳು. ಮಣಿಕಟ್ಟಿನ ಅಂಚು ಮಡಚಿ ಹೊಲಿಯುತ್ತಿದ್ದ ಮುದುಕಿ ಅಂಚಿನಜ್ಜಿ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರುಗಳು ಇರಲಿಲ್ಲವೇ ಎಂದು ಕೇಳಬಹುದು. ಹಾಜರಿ ಪುಸ್ತಕವೇ ಇರಲಿಲ್ಲ.

ಇದ್ದದ್ದು ಹಳದಿ ಕಾರ್ಡು, ದಿನಕ್ಕೊಂದು. ಎಷ್ಟು ಜೋಡಿ ಹೊಲಿದಳು, ಎಷ್ಟು ಪಾಸಾಯಿತು, ಎಷ್ಟು ರಿಜೆಕ್ಟಾಯಿತು ಎಂದು ಸಂಜೆ ಮೇಸ್ತ್ರಿ ಅದರಲ್ಲಿ ಬರೆದು ರುಜು ಹಾಕುತ್ತಿದ್ದ. ಜೋಡಿಗೆ ಒಂದೂವರೆ ರೂಪಾಯಿ. ಹೊಲಿಗೆ ಒಂದೆಳೆ ಆಚೀಚೆ ಆದರೂ ಕೆಂಪು ಚಾಕ್‌ಪೀಸಿನಲ್ಲಿ ಕತ್ತರಿ ಗುರುತು ಎಳೆಯುತ್ತಿದ್ದ. ಕತ್ತರಿ ಬಿದ್ದ ತುಂಡಿಗೆ ಕಾಸಿಲ್ಲ. ಮಿಷನ್ನು ಕೆಟ್ಟಿತ್ತು, ನೂಲು ಲಡ್ಡಾಗಿತ್ತು, ಕಣ್ಣು ಉರಿಯುತ್ತಿತ್ತು ಎಂದರೆ ಮೇಸ್ತ್ರಿ ಕೇಳಿಸಿಕೊಳ್ಳುತ್ತಿದ್ದ, ಅಷ್ಟೇ. ಕೆಲಸ ಆಗಿದ್ದರೆ ದುಡ್ಡು, ಆಗದಿದ್ದರೆ ಇಲ್ಲ. ಕಾರ್ಡಿನಲ್ಲಿ ಬರೆಯದೆ ಒಂದು ಚೂರು ತೊಗಲೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಂತಿರಲಿಲ್ಲ.

ಆ ಕಾರ್ಡುಗಳನ್ನು ಅವಳು ಎಸೆಯಲಿಲ್ಲ. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಎರಡು ದಿಂಬಿನ ಕವರುಗಳಲ್ಲಿ ತುಂಬಿ ಮನೆಯಲ್ಲಿ ಇಟ್ಟಿದ್ದಳು. ಮನೆ ಅಂದರೆ ಒಂದು ರೂಮು, ರೂಮಿನಷ್ಟೇ ಉದ್ದದ ಒಂದು ಅಡುಗೆ ಕಟ್ಟೆ. ಅಲ್ಲಿ ಅವಳು, ಗಂಡ, ಅತ್ತೆ. ಜಾಗ ಸಾಲದೆ ಅತ್ತೆ ಒಂದು ಕವರನ್ನು ನಿಜವಾಗಿಯೂ ದಿಂಬು ಮಾಡಿಕೊಂಡಿದ್ದಳು. "ನಿನ್ನ ಸಂಪಾದನೆ ಮೇಲೇ ತಲೆ ಇಟ್ಟು ಮಲಗ್ತೀನಿ ಕಣೇ," ಅನ್ನುತ್ತಿದ್ದಳು, "ಅದಕ್ಕೇ ಕತ್ತು ನೋವು."

ಒಂದು ಶನಿವಾರ ಮಾಲೀಕರು ಬಂದರು. ಬೆರಳುಗಳನ್ನು ತಾನೇ ಹೊಲಿಯುವ ಮಿಷನ್ನು ಬರುತ್ತಿದೆ, ಸೋಮವಾರದಿಂದ ನೀವು ಹನ್ನೊಂದು ಜನ ಬರುವುದು ಬೇಡ ಎಂದರು. ಬೈಯಲಿಲ್ಲ. ಎಲ್ಲರಿಗೂ ಟೀ ಕೊಡಿಸಿದರು.

"ಇಷ್ಟು ವರ್ಷದ ಸರ್ವೀಸಿನ ದುಡ್ಡು?" ಎಂದು ಅಂಚಿನಜ್ಜಿ ಕೇಳಿದಳು.

"ಯಾವ ಸರ್ವೀಸು ಅಜ್ಜಿ? ನೀವು ನೌಕರರಲ್ಲ, ತುಂಡಿನವರು. ತುಂಡು ಕೊಟ್ರಿ, ದುಡ್ಡು ತಗೊಂಡ್ರಿ. ಲೆಕ್ಕ ಚುಕ್ತಾ."

ಹೆಬ್ಬೆರಳಕ್ಕನ ಪಾಲಿಗೆ ತೊಂಬತ್ತು ಸಾವಿರದಷ್ಟು ಬರಬೇಕಿತ್ತು. ಈ ಲೆಕ್ಕ ಹೇಳಿದವನು ಅವಳ ಗಂಡ. ಅವನು ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದ. ದಿನವಿಡೀ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವ ಕೆಲಸ. ಐದು ಮಹಡಿಯ ಎಲ್ಲರ ಮಾತೂ ಅರ್ಧರ್ಧ ಅವನ ಕಿವಿಗೆ ಬೀಳುತ್ತಿತ್ತು. ಹೀಗಾಗಿ ಅವನಿಗೆ ಎಲ್ಲ ವಿಷಯವೂ ಅರ್ಧ ಗೊತ್ತಿತ್ತು.

"ಮೂರನೇ ಮಹಡೀಲಿ ಒಬ್ರು ವಕೀಲರಿದಾರೆ," ಎಂದ. "ಕಾರ್ಮಿಕರ ಕೇಸು ನಡೆಸ್ತಾರೆ. ಒಳ್ಳೆ ಮನುಷ್ಯ. ನಮಸ್ಕಾರ ಅಂದ್ರೆ ತಲೆ ಅಲ್ಲಾಡಿಸ್ತಾರೆ."

*

ವಕೀಲರ ಆಫೀಸಿನಲ್ಲಿ ಎರಡು ರೂಮು. ಹೊರಗಿನದರಲ್ಲಿ ಕಾಯುವವರ ಬೆಂಚು, ಮೂಲೆಯ ಮೇಜಿನ ಹಿಂದೆ ಮುದುಕ ಗುಮಾಸ್ತ. ಒಳಗಿನದರಲ್ಲಿ ವಕೀಲರು ಮತ್ತು ಪುಸ್ತಕಗಳು. ಹನ್ನೊಂದು ಜನಕ್ಕೆ ಕೂರಲು ಜಾಗವಿರಲಿಲ್ಲ, ಗೋಡೆಗೆ ಒರಗಿ ನಿಂತರು. ವಕೀಲರು ಕಾರ್ಡುಗಳನ್ನು ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು.

"ಇಷ್ಟನ್ನೂ ಇಟ್ಕೊಂಡಿದೀರಾ?" ಎಂದರು. "ತಾಯಿ, ಅರ್ಧ ಕೇಸು ನೀವೇ ಗೆದ್ದಿದೀರಿ."

ಹತ್ತೊಂಬತ್ತು ವರ್ಷದಲ್ಲಿ ಅವಳ ಕೆಲಸವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಉಳಿದವರ ಹತ್ತಿರ ಉಳಿದಿದ್ದ ಅಷ್ಟಿಷ್ಟು ಕಾರ್ಡನ್ನೂ ಸೇರಿಸಿ ಅವಳು ಎರಡೂ ದಿಂಬಿನ ಕವರುಗಳನ್ನು ಮೇಜಿನ ಮೇಲಿಟ್ಟಳು. ಬದಲಿಗೆ ಚೀಟಿ ಕೇಳಲಿಲ್ಲ. ಒಂದು ಚೂರು ತೊಗಲನ್ನೂ ಬರೆಸದೆ ಕೊಡದವಳು, ಇಡೀ ಆಯಸ್ಸನ್ನು ಬಾಯಿಮಾತಿನ ಮೇಲೆ ಕೊಟ್ಟು ಬಂದಳು. ಅಷ್ಟು ದೊಡ್ಡವರ ಹತ್ತಿರ ಚೀಟಿ ಕೇಳಿದರೆ ತಪ್ಪು ತಿಳಿದಾರು ಅನ್ನಿಸಿತು.

ಫೀಸಿನ ಮಾತು ಬಂತು. ವಕೀಲರು ಬೆರಳು ಮಡಚುತ್ತ ಹೇಳಿದರು. "ಮೊದಲಿಗೆ ಹನ್ನೊಂದು ಸಾವಿರ. ಆಮೇಲೆ ವಾಯಿದೆಗೆ ಹನ್ನೊಂದು ನೂರು, ಅಂದ್ರೆ ತಲೆಗೆ ನೂರು, ಜಾಸ್ತಿ ಏನಲ್ಲ. ಗೆದ್ದ ಮೇಲೆ ನೂರಕ್ಕೆ ಇಪ್ಪತ್ತು. ಟೈಪಿಂಗು, ಜೆರಾಕ್ಸು, ನಮ್ಮ ಗುಮಾಸ್ತರದ್ದು, ಅದೆಲ್ಲ ಬೇರೆ."

"ವಾಯಿದೆ ಅಂದ್ರೆ ಕೋರ್ಟಿಗೆ ಹೋಗೋ ದಿನ ಅಲ್ವಾ ಸಾರ್?" ಎಂದು ಹೆಬ್ಬೆರಳಕ್ಕ ಕೇಳಿದಳು.

"ಹೌದು."

"ಅಂಥವು ಎಷ್ಟು ಆಗ್ತವೆ?"

"ಕೇಸು ಎಷ್ಟು ಕೇಳುತ್ತೋ ಅಷ್ಟು."

"ಅಂದಾಜು?"

"ನೋಡಮ್ಮ, ಜ್ವರ ಬಂದಾಗ ಡಾಕ್ಟರನ್ನ ಎಷ್ಟು ದಿನ ಇರುತ್ತೆ ಅಂತ ಕೇಳ್ತೀರಾ?"

"ಕೇಳ್ತೀವಿ," ಎಂದಳು ಕಿರುಬೆರಳು.

ವಕೀಲರು ನಕ್ಕರು. ಎಲ್ಲರೂ ನಕ್ಕರು. ಕೆಳಗಿಳಿಯುವಾಗ ಲಿಫ್ಟಿನಲ್ಲಿ ಹೆಬ್ಬೆರಳಕ್ಕ ಗಂಡನಿಗೆ ಹೇಳಿದಳು, "ಅವ್ರೂ ನಮ್ಮ ಥರಾನೇ ಕಣ್ರೀ. ಸಂಬಳ ಇಲ್ಲ. ತುಂಡಿಗಿಷ್ಟು ಅಂತ." ಅವಳಿಗೆ ಅದರಿಂದ ಧೈರ್ಯ ಬಂದಿತ್ತು. ತುಂಡಿನ ಕೆಲಸದವರು ಸೋಮಾರಿಗಳಾಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

*

ಕಾರ್ಮಿಕರ ಕೋರ್ಟು ಇದ್ದದ್ದು ಒಂದು ಹಳೆಯ ಗೋದಾಮಿನ ಮಾಳಿಗೆಯಲ್ಲಿ. ಮೆಟ್ಟಿಲು ಹತ್ತಿದರೆ ಓಣಿಯಂಥ ಉದ್ದನೆಯ ಕಾರಿಡಾರು. ಓಣಿಯಲ್ಲಿ ಕೂರಲು ಏನೂ ಇಲ್ಲ, ನಿಲ್ಲಲು ಗೋಡೆ ಇದೆ. ಹನ್ನೊಂದು ಜನ ಕೆಲಸ ಬಿಟ್ಟು ಬರುತ್ತಿದ್ದರು. ಹೆಬ್ಬೆರಳಕ್ಕ ಈಗ ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿ ದಿನಗೂಲಿಗಿದ್ದಳು. ಕಿರುಬೆರಳು ಎರಡು ಮನೆಯ ಪಾತ್ರೆ ತೊಳೆಯುತ್ತಿದ್ದಳು. ಅಂಚಿನಜ್ಜಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ, ಹೀಗಾಗಿ ಕೋರ್ಟಿಗೆ ಬರುವುದರಿಂದ ನಷ್ಟವಾಗದಿದ್ದದ್ದು ಅವಳೊಬ್ಬಳಿಗೇ. ತನ್ನ ಪಾಲಿನ ನೂರನ್ನು ಅವಳು ಮಗಳ ಹತ್ತಿರ ತರುತ್ತಿದ್ದಳು, ಮಗಳು ಅಳಿಯನ ಜೇಬಿನಿಂದ ತರುತ್ತಿದ್ದಳು, ಅಳಿಯನಿಗೆ ಗೊತ್ತಿರಲಿಲ್ಲ.

ಮೊದಲನೇ ವಾಯಿದೆಯಲ್ಲಿ ವಕೀಲರು ಅರ್ಜಿ ಹಾಕಿದರು. ನಾಲ್ಕನೆಯದರಲ್ಲಿ ಕಾರ್ಖಾನೆಯ ವಕೀಲರು ತಕರಾರು ಹಾಕಿದರು. ಮಿಕ್ಕ ದಿನಗಳಲ್ಲಿ ನಡೆದದ್ದನ್ನು ಹೇಳುವುದು ಸುಲಭ. ಹೊರಗೆ ಜವಾನ ನಂಬರು ಕೂಗುತ್ತಿದ್ದ. ಹನ್ನೊಂದು ಜನ ಒಳಗೆ ನುಗ್ಗುತ್ತಿದ್ದರು. ಅಷ್ಟರಲ್ಲಿ ವಕೀಲರು ಹೊರಗೆ ಬರುತ್ತಿದ್ದರು.

"ಮುಂದಕ್ಕೆ ಹೋಯ್ತು."

"ಯಾಕೆ ಸಾರ್?"

"ಅವ್ರ ಕಡೆಯವರು ಟೈಮು ಕೇಳಿದ್ರು. ಏನ್ಮಾಡೋದು, ಕೋರ್ಟು ಅಂದ್ರೆ ಹಂಗೇ. ಗುಮಾಸ್ತರಿಗೆ ಕೊಟ್ಟು ಹೋಗಿ."

ಗುಮಾಸ್ತ ಹನ್ನೊಂದು ನೋಟು ಎಣಿಸಿ ಹಸಿರು ಚೀಲಕ್ಕೆ ಹಾಕುತ್ತಿದ್ದ. ರಸೀದಿ ಕೊಡುತ್ತಿರಲಿಲ್ಲ. ತನಗಾಗಿ ಇಪ್ಪತ್ತು ಕೇಳಿ ಪಡೆಯುತ್ತಿದ್ದ, ಅದನ್ನು ಅಂಗಿಯ ಜೇಬಿಗೆ ಹಾಕುತ್ತಿದ್ದ.

ಒಂಬತ್ತು ವಾಯಿದೆ ಹೀಗೆ ಕಳೆಯುವ ಹೊತ್ತಿಗೆ ಒಂದೂವರೆ ವರ್ಷ ಆಗಿತ್ತು. ವಕೀಲರು ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಲು ಸಮಯ ಬೇಕು, ಅವರಿಗೆ ಸಮಯವೇ ಇರಲಿಲ್ಲ. ಸದಾ ಒಂದು ಕಾಲು ಇಲ್ಲಿ, ಇನ್ನೊಂದು ಬೇರೆ ಯಾವುದೋ ಕೋರ್ಟಿನಲ್ಲಿ. ಅಂಚಿನಜ್ಜಿ ಒಮ್ಮೆ ಕೆಮ್ಮಿದಾಗ ತಾವೇ ನೀರಿನ ಬಾಟಲಿ ಕೊಟ್ಟಿದ್ದರು.

ಮನೆಯಲ್ಲಿ ಅತ್ತೆ ಮಾತ್ರ ಸುಮ್ಮನಿರಲಿಲ್ಲ. ಕವರು ಹೋದ ಮೇಲೆ ಅವಳು ಮಡಚಿದ ಸೀರೆಯ ಮೇಲೆ ಮಲಗುತ್ತಿದ್ದಳು. "ಹತ್ತೊಂಬತ್ತು ವರ್ಷ ಬೆರಳು ಹೊಲಿದೆ. ಅವ್ರ ಮುಂದೆ ಒಂದು ಬೆರಳು ಎತ್ತೋಕೆ ಬರಲ್ವಲ್ಲೇ ನಿಂಗೆ," ಎಂದಳು. "ಎರಡು ತಿಂಗಳಿಗೊಂದು ಸಲ ಹೋಗ್ತೀಯ, ನೂರು ಕೊಟ್ಟು ಬರ್ತೀಯ. ಏನು ಕೊಂಡ್ಕೊಂಡು ಬಂದೆ?"

"ವಾಯಿದೆ ಅತ್ತೆ."

"ತೋರ್ಸು ನೋಡೋಣ."

ಅವಳ ಹತ್ತಿರ ತೋರಿಸಲು ಏನೂ ಇರಲಿಲ್ಲ. ಟಾರ್ಪಾಲಿನ ಅಂಗಡಿಯಲ್ಲಿ ದಪ್ಪ ಸೂಜಿ ಎಳೆಯುತ್ತ ಅವಳು ಅದನ್ನೇ ಯೋಚಿಸಿದಳು. ಕಾರ್ಖಾನೆಯಲ್ಲಿ ನೂರು ಸಂಪಾದಿಸಲು ಅರವತ್ತೇಳು ಜೋಡಿ ಹೆಬ್ಬೆರಳು ಬೇಕಾಗಿತ್ತು. ಅರವತ್ತೇಳೂ ಕೈಗೆ ಸಿಗುವಂಥವು, ಯಾರೋ ಎಲ್ಲೋ ತೊಟ್ಟುಕೊಂಡಿರುವಂಥವು.

*

ಹತ್ತನೇ ವಾಯಿದೆಯ ದಿನವೂ ಕೇಸು ಮುಂದಕ್ಕೆ ಹೋಯಿತು. ಗುಮಾಸ್ತ ಹಸಿರು ಚೀಲ ಬಿಚ್ಚಿದ. ಹೆಬ್ಬೆರಳಕ್ಕ ಅವನನ್ನು ದಾಟಿ ವಕೀಲರ ಹತ್ತಿರ ಹೋದಳು.

"ಸಾರ್, ಇವತ್ತಿಂದು ರಿಜೆಕ್ಟು."

"ಏನು?"

"ವಾಯಿದೆ. ಕೆಲಸ ಆಗ್ಲಿಲ್ಲ ಅಲ್ವಾ. ಮುಂದಿನ ಸಲ ಆದ್ರೆ ಕೊಡ್ತೀವಿ."

ಅವಳು ಜಗಳಕ್ಕೆ ಬಂದಿರಲಿಲ್ಲ. ವಕೀಲರಿಗೂ ಈ ನಿಯಮ ಗೊತ್ತೇ ಇರುತ್ತದೆ, ಇಷ್ಟು ದಿನ ತಾವೇ ದಡ್ಡರ ಹಾಗೆ ರಿಜೆಕ್ಟು ಮಾಲಿಗೆಲ್ಲ ಕಾಸು ಕೊಟ್ಟಿದ್ದೇವೆ ಎಂದೇ ಅವಳು ನಂಬಿದ್ದಳು. ಹಳೆಯದನ್ನು ವಾಪಸ್ ಕೇಳುವ ಯೋಚನೆಯೂ ಇರಲಿಲ್ಲ. ಪಾಸಾದ ಮೇಲೆ ಬಟವಾಡೆ, ಅಷ್ಟೇ. ವಕೀಲರು ಇದೊಂದು ತಮಾಷೆ ಎಂದುಕೊಂಡು ನಕ್ಕರು. ಹನ್ನೊಂದನೇ ವಾಯಿದೆಯಲ್ಲೂ ಅವಳು ಅದನ್ನೇ ಹೇಳಿದಾಗ ನಗಲಿಲ್ಲ. "ಬಾಕಿ ಬರ್ಕೊಂಡಿರಿ," ಎಂದು ಗುಮಾಸ್ತನಿಗೆ ಹೇಳಿ ಹೊರಟುಹೋದರು.

ಹನ್ನೆರಡನೇ ವಾಯಿದೆಗೆ ಅವರು ಬರಲೇ ಇಲ್ಲ.

ಜವಾನ ನಂಬರು ಕೂಗಿದ. ಒಳಗೆ ಜಡ್ಜು ತಲೆಯೆತ್ತಿ ನೋಡಿದರು. "ಅರ್ಜಿದಾರರ ಪರ ಯಾರು?"

ಹನ್ನೊಂದು ಜನ ಬಾಗಿಲ ಕಡೆ ತಿರುಗಿ ನೋಡಿದರು. ಜಡ್ಜು ಟೈಪಿಸ್ಟಿಗೆ ಹೇಳಿ ಬರೆಸಿದರು. ಮುಂದಿನ ಸಲವೂ ಅರ್ಜಿದಾರರ ಪರ ಯಾರೂ ಹಾಜರಾಗದಿದ್ದರೆ ಅರ್ಜಿ ವಜಾ.

"ನಾವು ಬಂದಿದೀವಲ್ಲ?" ಎಂದು ಕಿರುಬೆರಳು ಓಣಿಯಲ್ಲಿ ಜವಾನನನ್ನು ಹಿಡಿದು ಕೇಳಿದಳು. "ಹನ್ನೊಂದು ಜನ ಕಾಣಿಸ್ಲಿಲ್ವಾ ಅವ್ರಿಗೆ?"

"ನೀವು ಬಂದ್ರೆ ಲೆಕ್ಕಕ್ಕಿಲ್ಲ ಕಣಮ್ಮ. ವಕೀಲರನ್ನ ಇಟ್ಟ ಮೇಲೆ ವಕೀಲರೇ ನೀವು."

"ಹಂಗಾದ್ರೆ ನಾವು ಯಾರು?"

ಜವಾನ ಯೋಚಿಸಿದ. "ನೀವು ಅವ್ರಿಂದ ಫೈಲು ಬಿಡಿಸ್ಕೊಂಡು, ನಮ್ಮ ಅಭ್ಯಂತರ ಇಲ್ಲ ಅಂತ ಬರೆಸ್ಕೊಂಡು ಬಂದ್ರೆ, ಆಗ ನೀವೇ ನೀವು," ಎಂದ.

ಅಂಚಿನಜ್ಜಿ ಗೋಡೆಗೆ ಒರಗಿದವಳು ಹಾಗೇ ಜಾರಿ ನೆಲದ ಮೇಲೆ ಕೂತಳು. "ಅರ್ಜಿ ಹೋದ್ರೆ ಹೋಗ್ಲಿ," ಎಂದಳು. "ಕಾರ್ಡು? ಕಾರ್ಡೆಲ್ಲ ಅವ್ರ ಹತ್ರ ಇದೆಯಲ್ಲೇ. ನಾವು ಕೆಲಸ ಮಾಡಿದ್ವಿ ಅಂತ ಇನ್ಯಾರಿಗೆ ಗೊತ್ತು?"

*

ಹೆಬ್ಬೆರಳಕ್ಕ ಒಬ್ಬಳೇ ಮೂರನೇ ಮಹಡಿಗೆ ಹೋದಳು. ವಕೀಲರು ಒಳಗೆ ಕರೆದು ಕೂರಿಸಿದರು.

"ಬೇಜಾರಿಲ್ಲಮ್ಮ," ಎಂದರು. "ವಕೀಲರನ್ನ ಬದಲಾಯಿಸೋದು ನಿಮ್ಮ ಹಕ್ಕು. ಮೂರು ವಾಯಿದೆ ಬಾಕಿ ಮೂರು ಸಾವಿರದ ಮುನ್ನೂರು. ಫೈಲು ಬಿಡಿಸೋದಕ್ಕೆ ಐದು ಸಾವಿರ. ಅದು ಕೊಟ್ಟ ದಿನ ಫೈಲು, ಕಾರ್ಡು, ಎಲ್ಲ ನಿಮ್ದು."

"ಕಾರ್ಡು ನಮ್ದೇ ಅಲ್ವಾ ಸಾರ್?"

"ನಿಮ್ದೇ. ನನ್ನ ಹತ್ರ ಇದೆ."

"ನೀವು ಒಂದು ಸಲ ಬರ್ಲೇ ಇಲ್ವಲ್ಲ. ಅದಕ್ಕೂ ಕೊಡ್ಬೇಕಾ?"

"ವಾಯಿದೆಗೆ ಇಷ್ಟು ಅಂತ ತಾನೇ ಮಾತಾಡಿದ್ದು? ವಾಯಿದೆ ಆಯ್ತಲ್ಲ."

ಅವಳಿಗೆ ಅಲ್ಲಿ ಒಂದು ವಿಷಯ ತಿಳಿಯಿತು. ತುಂಡು ಕೆಟ್ಟರೆ ಕಾಸಿಲ್ಲ ಎನ್ನುವುದು ತುಂಡಿನ ಕೆಲಸದವರೆಲ್ಲರ ನಿಯಮ ಆಗಿರಲಿಲ್ಲ. ಅವಳಂಥವರದು ಮಾತ್ರ ಆಗಿತ್ತು. ಇವರಿಗೆ ಕೆಟ್ಟ ತುಂಡಿನಿಂದ ಇನ್ನೊಂದು ತುಂಡು ಹುಟ್ಟುತ್ತಿತ್ತು, ಅದಕ್ಕೂ ಕಾಸು ಹುಟ್ಟುತ್ತಿತ್ತು.

ಸಂಜೆ ಮನೆಯಲ್ಲಿ ಅವಳು ಹೇಳಿದ್ದನ್ನು ಕೇಳಿ ಗಂಡ ಬಹಳ ಹೊತ್ತು ಅಂಗಿಯ ಗುಂಡಿ ಬಿಚ್ಚುತ್ತಲೇ ಇದ್ದ.

"ನಾಳೆ ಎಲ್ಲರೂ ಬರ್ತೀವಿ," ಎಂದಳು. "ಕಾರ್ಡು ಕೊಡೋವರೆಗೂ ಅಲ್ಲೇ ಕೂರ್ತೀವಿ."

"ನಾನು ಆ ಬಿಲ್ಡಿಂಗಲ್ಲಿ ಕೆಲಸ ಮಾಡ್ತೀನಿ ಕಣೇ."

"ಗೊತ್ತು."

"ನಿನ್ನ ಗಂಡ ಅಂತ ಅವ್ರಿಗೂ ಗೊತ್ತು."

"ಮೆಟ್ಲು ಹತ್ತಿ ಬರ್ತೀವಿ ಬಿಡ್ರೀ. ನಿಮ್ಮ ಲಿಫ್ಟು ಬೇಡ."

ಮೂಲೆಯಿಂದ ಅತ್ತೆ ಮಗನಿಗೆ ಹೇಳಿದಳು, "ಮುದುಕಿ ಒಬ್ಬಳು ಇದಾಳಂತಲ್ಲ ಅವ್ರ ಜೊತೆ. ಮೂರು ಮಹಡಿ ಹತ್ತಿಸ್ತೀಯೇನೋ ಅವಳನ್ನ?"

ಗಂಡ ಕೊನೆಯ ಗುಂಡಿ ಬಿಚ್ಚಿದ. "ನನ್ನ ಬಿಟ್ಟು ಆರು ಜನಕ್ಕೆ ಮಾತ್ರ ಪರ್ಮಿಶನ್ನು," ಎಂದ. "ಎರಡು ಟ್ರಿಪ್ಪು ಹೊಡೀಬೇಕಾಗುತ್ತೆ."

*

ಎರಡು ಟ್ರಿಪ್ಪು ಹೊಡೆದ. ಬೆಳಗ್ಗೆ ಹತ್ತಕ್ಕೆ ಹನ್ನೊಂದು ಜನ ವಕೀಲರ ಹೊರಗಿನ ರೂಮಿನಲ್ಲಿ ನೆಲದ ಮೇಲೆ ಕೂತಿದ್ದರು. ಬೆಂಚಿನ ಮೇಲೆ ಬೇರೆ ಕಕ್ಷಿದಾರರಿದ್ದರು. ಒಬ್ಬ ಬಸ್ಸು ಡ್ರೈವರು, ಒಬ್ಬ ವಿಧವೆ, ನಿವೃತ್ತ ಮೇಷ್ಟ್ರೊಬ್ಬರು. ಒಳಗೆ ಬಾಗಿಲು ಹಾಕಿತ್ತು.

ಹೆಬ್ಬೆರಳಕ್ಕ ಗುಮಾಸ್ತನ ಮೇಜಿನ ಮೇಲೆ ಹನ್ನೆರಡು ಚೀಟಿ ಇಟ್ಟಳು. ಹಳದಿ ಕಾಗದ ಕತ್ತರಿಸಿ ಕಾರ್ಡಿನ ಹಾಗೇ ಗೆರೆ ಎಳೆದಿದ್ದಳು. ತಾರೀಖು, ಆದ ಕೆಲಸ, ಪಾಸು, ರಿಜೆಕ್ಟು, ರುಜು.

"ಇದೇನಮ್ಮ?" ಎಂದ ಗುಮಾಸ್ತ.

"ಬಾಕಿ ಕೊಡ್ತೀವಿ ಸ್ವಾಮಿ. ಯಾವ ದಿನ ಏನು ಕೆಲಸ ಆಯ್ತು ಅಂತ ಬರೆದು ರುಜು ಹಾಕಿ ಕೊಡಿ. ಆಗಿಲ್ಲ ಅಂದ್ರೆ ಯಾರಿಂದ ಆಗ್ಲಿಲ್ಲ ಅಂತ ಬರೀರಿ. ನಮ್ಮ ಮೇಸ್ತ್ರಿ ಬರೀತಿದ್ದ."

"ಹಂಗೆಲ್ಲ ಪದ್ಧತಿ ಇಲ್ಲಮ್ಮ ಇಲ್ಲಿ."

"ನಮ್ಮಲ್ಲಿದೆ."

"ನಂಗೇನು ಗೊತ್ತು ಯಾವ ದಿನ ಏನಾಯ್ತು ಅಂತ."

"ಆ ಕಪ್ಪು ಡೈರಿ ಕೋರ್ಟಿಗೆ ತರ್ತೀರಲ್ಲ," ಎಂದಳು ಕಿರುಬೆರಳು. "ದಿನಾ ಅದರಲ್ಲಿ ಏನೋ ಗೀಚ್ತೀರಲ್ಲ. ಅದೇನು ಅಡುಗೆ ಲೆಕ್ಕಾನಾ?"

ಗುಮಾಸ್ತ ಡೈರಿಯ ಮೇಲೆ ಕೈ ಇಟ್ಟುಕೊಂಡ. ಅಂಚಿನಜ್ಜಿ ಆ ಕೈಯನ್ನು ನೋಡಿದಳು. ಮುದಿಗೈ, ಉಗುರಿನಲ್ಲಿ ಶಾಯಿ.

"ನಿಮಗೆ ತಿಂಗಳಿಗೆ ಎಷ್ಟು ಕೊಡ್ತಾರೆ?" ಎಂದು ಕೇಳಿದಳು.

"ಯಾರು?"

"ನಿಮ್ಮ ವಕೀಲರು."

"ಅವ್ರು ಯಾಕೆ ಕೊಡ್ತಾರಮ್ಮ. ಗಿರಾಕಿ ಕೊಟ್ಟಿದ್ದೇ. ಮೂವತ್ತೊಂದು ವರ್ಷ ಆಯ್ತು."

"ಹಂಗಾದ್ರೆ ನೀವೂ ತುಂಡಿನವರು."

ಗುಮಾಸ್ತ ಕನ್ನಡಕ ಒರೆಸಿಕೊಂಡ. ಆಮೇಲೆ ಡೈರಿ ತೆಗೆದು, ನ್ಯೂಸು ಓದುವವರ ದನಿಯಲ್ಲಿ ಓದತೊಡಗಿದ. ಒಂದು, ಅರ್ಜಿ ಸಲ್ಲಿಕೆ. ಎರಡು, ಎದುರು ಪಕ್ಷದ ಕೋರಿಕೆ, ಮುಂದೂಡಿಕೆ. ಮೂರು, ಜಡ್ಜು ರಜೆ. ನಾಲ್ಕು, ತಕರಾರು ಸಲ್ಲಿಕೆ. ಐದು, ಅರ್ಜಿದಾರರ ವಕೀಲರ ಕೋರಿಕೆ, ಮುಂದೂಡಿಕೆ.

"ಅರ್ಜಿದಾರರು ಅಂದ್ರೆ ಯಾರು?" ಎಂದಳು ಹೆಬ್ಬೆರಳಕ್ಕ.

"ನೀವು."

"ನಾವು ಯಾವಾಗ ಕೇಳಿದ್ವಿ?"

"ನೀವು ಕೇಳ್ಲಿಲ್ಲ. ಸಾಹೇಬರು ಕೇಳಿದ್ರು. ನಿಮ್ಮ ಪರವಾಗಿ."

ಅವನು ಓದುತ್ತ ಹೋದ. ಅವಳು ಚೀಟಿಗಳಲ್ಲಿ ಬರೆದುಕೊಳ್ಳುತ್ತ ಹೋದಳು, ಒಂದೊಂದು ಅಕ್ಷರವನ್ನೂ ಹೊಲಿಗೆಯ ಹಾಗೆ ನಿಧಾನವಾಗಿ. ಹನ್ನೆರಡರಲ್ಲಿ ಕೆಲಸ ಆದದ್ದು ಎರಡು. ಕಾರ್ಖಾನೆಯವರು ಮುಂದಕ್ಕೆ ಹಾಕಿಸಿದ್ದು ಮೂರು. ಜಡ್ಜಿನ ರಜೆ ಒಂದು. ವಕೀಲರು ಬಾರದ ದಿನ ಒಂದು. ಉಳಿದ ಐದನ್ನು ಅವರದೇ ವಕೀಲರು, ಅವರ ಪರವಾಗಿ, ಅವರಿಂದ ಕಾಸು ತೆಗೆದುಕೊಂಡು ಮುಂದಕ್ಕೆ ಹಾಕಿಸಿದ್ದರು. ಅದರಲ್ಲಿ ಮೂರಕ್ಕೆ ಕಾಸು ಕೊಟ್ಟಾಗಿತ್ತು.

ಒಳಗಿನ ಬಾಗಿಲು ತೆರೆಯಿತು. ವಕೀಲರು ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದರೋ.

"ಆ ದಿನಗಳಲ್ಲಿ ನಂಗೆ ದೊಡ್ಡ ಕೋರ್ಟಲ್ಲಿ ಬೇರೆ ಕೇಸಿತ್ತಮ್ಮ," ಎಂದರು. "ಎರಡು ಕಡೆ ಇರೋಕಾಗುತ್ತಾ ಒಬ್ಬ ಮನುಷ್ಯ?"

"ಅಲ್ಲಿ ವಾಯಿದೆಗೆ ಎಷ್ಟು?" ಎಂದಳು ಅಂಚಿನಜ್ಜಿ.

"ಹದಿನೈದು ಸಾವಿರ," ಎಂದ ಗುಮಾಸ್ತ. ಅವನು ಇನ್ನೂ ಓದುವ ಲಹರಿಯಲ್ಲೇ ಇದ್ದ.

"ಎರಡೂ ಕಡೆ ಇರೋಕಾಗಲ್ಲ, ಸರಿ," ಎಂದಳು ಕಿರುಬೆರಳು. "ಎರಡೂ ಕಡೆ ತಗೊಳ್ಳೋಕೆ ಹೆಂಗಾಯ್ತು ಸಾರ್?"

ಹೆಬ್ಬೆರಳಕ್ಕ ಚೀಟಿಗಳನ್ನು ಜೋಡಿಸಿದಳು. "ನಾವು ಕೊಡ್ಬೇಕಾದ್ದು ಮೂರು ವಾಯಿದೆ. ನೀವು ಮುಂದಕ್ಕೆ ಹಾಕಿಸಿ ತಗೊಂಡಿದ್ದು ಮೂರು ವಾಯಿದೆ. ಫೈಲು ಕೊಡಿ ಸಾರ್, ಹೋಗ್ತೀವಿ."

"ಹೀಗೆ ಬಂದು ಕೂತ್ಕೊಂಡು ಹೆದರಿಸೋದು ಸರಿಯಲ್ಲ. ನಾನು ಪೊಲೀಸರನ್ನ ಕರೀಬಹುದು."

"ಕರೀರಿ. ಅವ್ರಿಗೂ ಓದಿ ಹೇಳ್ಲಿ ಇವ್ರು."

ಅಷ್ಟರಲ್ಲಿ ಬೆಂಚಿನ ಮೇಲೆ ಏನೋ ಆಯಿತು. ನಿವೃತ್ತ ಮೇಷ್ಟ್ರು ಎದ್ದು ಗುಮಾಸ್ತನ ಮೇಜಿನ ಹತ್ತಿರ ಬಂದಿದ್ದರು. ಅಲ್ಲಿದ್ದ ಎಲ್ಲರಿಗಿಂತ ಹೆಚ್ಚು ಸಭ್ಯವಾಗಿ ಕೇಳಿದರು. "ನನ್ನದು ಮೂವತ್ತೇಳು ವಾಯಿದೆ ಆಗಿದೆ. ಅದನ್ನೂ ಹೀಗೆ ಓದಬಹುದೇ?"

"ಕೇಳಬಹುದಾ ಇದನ್ನೆಲ್ಲ?" ಎಂದಳು ವಿಧವೆ.

"ಕೇಳಿದ್ರೆ ಓದ್ತಾರೆ," ಎಂದಳು ಅಂಚಿನಜ್ಜಿ. "ನಮಗೂ ಈಗಷ್ಟೇ ಗೊತ್ತಾಗಿದ್ದು."

ಬಸ್ಸು ಡ್ರೈವರು ಮೇಷ್ಟ್ರ ಹಿಂದೆ ನಿಂತ. ವಿಧವೆ ಡ್ರೈವರನ ಹಿಂದೆ ನಿಂತಳು. ಕ್ಯೂ ಆಯಿತು. ವಕೀಲರು ಕ್ಯೂವನ್ನು ನೋಡಿದರು, ಡೈರಿಯನ್ನು ನೋಡಿದರು. ಒಳಗೆ ಹೋಗಿ ಐದು ನಿಮಿಷದಲ್ಲಿ ಫೈಲು, ಎರಡು ದಿಂಬಿನ ಕವರು, 'ನಮ್ಮ ಅಭ್ಯಂತರ ಇಲ್ಲ' ಎಂದು ಬರೆದ ಹಾಳೆ ತಂದು ಕೊಟ್ಟರು. ಶಾಯಿ ಇನ್ನೂ ಆರಿರಲಿಲ್ಲ. ಫೈಲು ಬಿಡಿಸುವ ಫೀಸಿನ ಮಾತು ಎತ್ತಲಿಲ್ಲ. ಗುಮಾಸ್ತನ ಕೈಯಿಂದ ಡೈರಿಯನ್ನು ತೆಗೆದುಕೊಂಡು ಹೋದರು. ಕ್ಯೂ ಹಾಗೇ ನಿಂತಿತ್ತು.

ಮರುದಿನ ಕಟ್ಟಡದ ಮ್ಯಾನೇಜರು ಅವಳ ಗಂಡನನ್ನು ಲಿಫ್ಟಿನಿಂದ ತೆಗೆದು ಹಿಂದಿನ ಪಾರ್ಕಿಂಗಿಗೆ ಹಾಕಿದರು. ಆರು ಜನದ ಲಿಫ್ಟಿನಲ್ಲಿ ಒಂದು ಟ್ರಿಪ್ಪಿಗೆ ಆರು, ಇನ್ನೊಂದಕ್ಕೆ ಐದು ಜನ ಹೋದದ್ದರಿಂದ ಓವರ್‌ಲೋಡು ಎಂದು ಬರೆಯಲು ಆಗಿರಲಿಲ್ಲ. ಹೀಗಾಗಿ ಕಾರಣ ಏನೂ ಬರೆಯಲಿಲ್ಲ. ಪಾರ್ಕಿಂಗಿನಲ್ಲಿ ಸ್ಟೂಲು ಇರಲಿಲ್ಲ. ಸಂಜೆ ಅವನು ಕಾಲು ಚಾಚಿ ಕೂತು, "ಅಲ್ಲಿ ಗಾಳಿ ಚೆನ್ನಾಗಿದೆ," ಎಂದ. ಹೆಂಡತಿ ಬಿಸಿನೀರು ತಂದು ಅವನ ಕಾಲ ಹತ್ತಿರ ಇಟ್ಟಳು.

*

ಹದಿಮೂರನೇ ವಾಯಿದೆ.

ಜವಾನ ನಂಬರು ಕೂಗಿದ. ಹನ್ನೊಂದು ಜನ ಒಳಗೆ ಹೋಗಿ ಜಡ್ಜಿನ ಮುಂದೆ ಸಾಲಾಗಿ ನಿಂತರು. ಹೆಬ್ಬೆರಳಕ್ಕ ವಕೀಲರ ಹಾಳೆಯನ್ನು ಮುಂದಿಟ್ಟಳು. ಜಡ್ಜು ಓದಿದರು.

"ಇವ್ರನ್ನ ಬಿಟ್ಟಿದೀರಾ? ಬೇರೆ ವಕೀಲರನ್ನ ಇಟ್ಕೊಳ್ಳಿ ಮತ್ತೆ."

"ಇಟ್ಕೊಂಡು ನೋಡಿದ್ವಿ ಸ್ವಾಮಿ."

ಟೈಪಿಸ್ಟು ನಕ್ಕು, ತಕ್ಷಣ ನಗು ನಿಲ್ಲಿಸಿದ. ಕಾರ್ಖಾನೆಯ ವಕೀಲರು ಎದ್ದು ನಿಂತರು. ಇದು ಹೊಸ ಬೆಳವಣಿಗೆ, ತಮ್ಮ ಕಕ್ಷಿದಾರರೊಂದಿಗೆ ಚರ್ಚಿಸಬೇಕು, ಸಮಯ ಬೇಕು ಎಂದರು. ಜಡ್ಜು ಪೆನ್ನಿನ ಕ್ಯಾಪು ತೆಗೆದು ಗೋಡೆಯ ಕ್ಯಾಲೆಂಡರಿನತ್ತ ನೋಡಿದರು.

"ಸ್ವಾಮಿ," ಎಂದಳು ಹೆಬ್ಬೆರಳಕ್ಕ. "ಯಾರ ಖರ್ಚಲ್ಲಿ?"

"ಏನು ಯಾರ ಖರ್ಚಲ್ಲಿ?"

"ಮುಂದಕ್ಕೆ ಹಾಕೋದು. ನಾವು ಹನ್ನೊಂದು ಜನ ಇವತ್ತಿನ ಕೂಲಿ ಬಿಟ್ಟು ಬಂದಿದೀವಿ. ಅವ್ರಿಗೆ ಇವತ್ತಿನ ಫೀಸು ಬರುತ್ತೆ. ನಿಮಗೆ ಸಂಬಳ ಬರುತ್ತೆ. ಟೈಪು ಮಾಡೋರಿಗೂ ಬರುತ್ತೆ, ಹೊರಗೆ ಕೂಗೋರಿಗೂ ಬರುತ್ತೆ. ತಪ್ಪು ಅಂತ ಹೇಳ್ತಿಲ್ಲ, ಬರಬೇಕು. ಆದ್ರೆ ಮುಂದಕ್ಕೆ ಹಾಕಿದ್ರೆ ಈ ರೂಮಲ್ಲಿ ಕಳ್ಕೊಳ್ಳೋರು ನಾವು ಮಾತ್ರ. ಹನ್ನೆರಡು ಸಲ ಕಳ್ಕೊಂಡಿದೀವಿ. ಅದಕ್ಕೇ ಕೇಳಿದೆ. ಯಾರ ಖರ್ಚಲ್ಲಿ ಅಂತ ಅದರಲ್ಲಿ ಬರ್ಕೊಳ್ಳಿ."

ಅವಳು ಟೈಪಿಸ್ಟಿನ ಕಡೆ ಕೈ ತೋರಿಸಿದಳು. ಟೈಪಿಸ್ಟು ಜಡ್ಜಿನ ಕಡೆ ನೋಡಿದ.

"ಅದನ್ನೆಲ್ಲ ಬರೆಯೋಕಾಗಲ್ಲಮ್ಮ. ಹೋಗಿ ಹೊರಗೆ ಕೂತ್ಕೊಳ್ಳಿ."

"ಹೊರಗೆ ಕೂರೋಕೆ ಏನೂ ಇಲ್ಲ ಸ್ವಾಮಿ," ಎಂದಳು ಅಂಚಿನಜ್ಜಿ.

ಯಾರೂ ಕದಲಲಿಲ್ಲ. ಕೂಗಲೂ ಇಲ್ಲ. ಫ್ಯಾನು ತಿರುಗುತ್ತಿತ್ತು. ಹೊರಗಿನಿಂದ ಜವಾನ ಮುಂದಿನ ನಂಬರು ಕೂಗಿದ. ಆ ಕೇಸಿನವರು ಬಾಗಿಲಿಗೆ ಬಂದರು, ಒಳಗೆ ಜಾಗವಿಲ್ಲದೆ ಬಾಗಿಲಲ್ಲೇ ನಿಂತರು. ಕಲ್ಲು ಒಡೆಯುವವರ ಹಾಗೆ ಕಾಣುತ್ತಿದ್ದ ನಾಲ್ಕು ಗಂಡಸರು. "ಏನಾಗಿದೆ?" ಎಂದು ಒಬ್ಬ ಪಿಸುಗುಟ್ಟಿದ. "ಯಾರ ಖರ್ಚು ಅಂತ ಕೇಳ್ತಿದಾರೆ," ಎಂದ ಇನ್ನೊಬ್ಬ. "ಹೌದಲ್ಲ," ಎಂದ ಮೊದಲನೆಯವನು. ಅವರೂ ನಿಂತರು.

ಜಡ್ಜು ಪೆನ್ನಿನ ಕ್ಯಾಪು ಹಾಕಿದರು. ಮತ್ತೆ ತೆಗೆದರು. ಕಾರ್ಖಾನೆಯ ವಕೀಲರನ್ನು ಕೇಳಿದರು, "ನಿಮ್ಮ ಕಕ್ಷಿದಾರರಿಗೆ ಫೋನು ಇದೆಯಾ?"

"ಇದೆ, ಆದರೆ..."

"ಮಧ್ಯಾಹ್ನ ಎರಡೂವರೆಗೆ."

"ಯಾವ ತಿಂಗಳು ಸ್ವಾಮಿ?" ಎಂದಳು ಕಿರುಬೆರಳು.

"ಇವತ್ತು," ಎಂದರು ಜಡ್ಜು. "ಇವತ್ತು ಎರಡೂವರೆಗೆ. ಕಾರ್ಡು ತಗೊಂಡು ಬನ್ನಿ."

ಅವರು ಹೊರಗೆ ಬಂದರು. ಆಗ ಹನ್ನೆರಡೂಕಾಲು. ಯಾರೂ ಕೆಲಸಕ್ಕೆ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಕಾರ್ಡಿನ ಕವರುಗಳು ಹೆಬ್ಬೆರಳಕ್ಕನ ಕಂಕುಳಲ್ಲೇ ಇದ್ದವು. ಕೋರ್ಟಿನ ಬಾಗಿಲಿನ ಎರಡೂ ಪಕ್ಕ ಗೋಡೆಗೆ ಒರಗಿ ನಿಂತರು. ಒಂದು ಕಡೆ ಆರು, ಇನ್ನೊಂದು ಕಡೆ ಐದು, ಅವರ ಪಕ್ಕ ಕಲ್ಲಿನವರು ನಾಲ್ಕು. ಒಂದು ಗಂಟೆಗೆ ಜಡ್ಜು ಊಟಕ್ಕೆ ಹೊರಟರು. ಓಣಿಯ ತುಂಬ ಜನ ಇದ್ದರು. ಅವರು ದಾರಿ ಬಿಟ್ಟರು. ಒಬ್ಬ ಮನುಷ್ಯ ಹೋಗುವಷ್ಟು, ಎರಡೂವರೆಯ ಒಳಗೆ ಅದೇ ದಾರಿಯಲ್ಲಿ ವಾಪಸ್ ಬರುವಷ್ಟು.